ಮದುವೆಮನೆಯ ಚಿತ್ರಕ್ಕೆ ಅಗ್ಗದ ಬೆಳಕು

ಊರಿನ ಮದುವೆ, ನಾಮಕರಣಗಳ ಚಿತ್ರ ತೆಗೆದು ನಾಲ್ಕು ಕಾಸು ಸಂಪಾದಿಸಬಯಸುವ ಯುವಕರೇ, ಕ್ಯಾಮರಾದ ಮೇಲಿನ ಫ್ಲ್ಯಾಷ್ ಮುಖವನ್ನು ಚಪ್ಪಟೆಯಾಗಿ ತೋರಿಸುತ್ತದೆ. ಅದನ್ನು ಪಕ್ಕಕ್ಕಿಡಿರಿ. ಶಕ್ತಿಯನ್ನು ಕೈಯಿಂದ ಹೊಂದಿಸಬಹುದಾದ ಫ್ಲ್ಯಾಷ್, ಒಂದು ಜೊತೆ ರೇಡಿಯೋ ಟ್ರಿಗರ್, ಒಂದು ಸ್ಟ್ಯಾಂಡ್, ಬಿಳಿ ಕೊಡೆ ಇದ್ದರೆ ಸಾಕು.

1. ಟ್ರಿಗರಿನ ಒಂದು ಭಾಗ ಕ್ಯಾಮರಾಕ್ಕೆ, ಇನ್ನೊಂದು ಫ್ಲ್ಯಾಷಿಗೆ. ಎರಡರ ಚಾನೆಲ್ ಒಂದೇ ಇರಲಿ.

2. ಷಟರ್ ವೇಗ 1/125 ಸೆಕೆಂಡ್ ಇರಲಿ. ತೀರ ಹೆಚ್ಚಿಸಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುವುದು.

3. ಫ್ಲ್ಯಾಷನ್ನು ಮುಖಕ್ಕಿಂತ ಎತ್ತರದಲ್ಲಿ, 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಮುಂದೆ ಕೊಡೆ ಬಿಚ್ಚಿರಿ. ನೆರಳು ಮೃದುವಾಗುವುದು.

4. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುವುದು.

ಎಚ್ಚರಿಕೆ: ಕೆಲವು ಹಳೆಯ ಫ್ಲ್ಯಾಷುಗಳ ಟ್ರಿಗರ್ ವೋಲ್ಟೇಜು 200ನ್ನೂ ಮೀರಿರುತ್ತದೆ, ಟ್ರಿಗರ್ ಸುಟ್ಟೀತು. ಕೊಳ್ಳುವ ಮೊದಲು ತಿಳಿದವರಿಂದ ಅಳೆಯಿಸಿರಿ.

ಮುಹೂರ್ತ ಮರಳಿ ಬಾರದು. ಹಿಂದಿನ ದಿನವೇ ಪರೀಕ್ಷಿಸಿ ನೋಡಿರಿ.