ಜಾತಕವೂ ಜೀವಸ್ವರೂಪವೂ

॥ ಶ್ರೀ ಗುರುಭ್ಯೋ ನಮಃ ॥

ನಮ್ಮ ಮನೆಗಳಲ್ಲಿ ಜಾತಕವು ಪೆಟ್ಟಿಗೆಯಿಂದ ಹೊರಬರುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ. ಮಕ್ಕಳ ವಿವಾಹದ ಮಾತು ನಡೆಯುವಾಗ ಒಮ್ಮೆ. ಮನೆಗೆ ಏನಾದರೂ ಕಷ್ಟ ಬಂದೊದಗಿದಾಗ ಇನ್ನೊಮ್ಮೆ. ಮೂಲೆಗಳಿಗೆ ಅರಿಸಿನ ಹಚ್ಚಿದ ಆ ಕಾಗದವನ್ನು ಜೋಯಿಸರ ಮುಂದಿಟ್ಟು, ಎಷ್ಟು ಗುಣ ಕೂಡುತ್ತದೆ ಎಂದೋ, ಈ ದಶೆ ಎಂದಿಗೆ ಮುಗಿಯುತ್ತದೆ ಎಂದೋ ಕೇಳಿ, ಉತ್ತರ ಪಡೆದು, ಮತ್ತೆ ಮಡಿಚಿಡುತ್ತೇವೆ. ಅರ್ಚನೆಯ ವೇಳೆಯಲ್ಲಿ ಗೋತ್ರ ನಕ್ಷತ್ರ ರಾಶಿಗಳನ್ನು ಹೇಳುವುದನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಅದರ ಸ್ಮರಣೆಯೇ ಇರುವುದಿಲ್ಲ.

ಈಚಿನ ವರ್ಷಗಳಲ್ಲಿ ಮೂರನೆಯ ಬಗೆಯ ಜಿಜ್ಞಾಸುಗಳು ಕಾಣುತ್ತಿದ್ದಾರೆ. ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಕುಂಡಲಿಯನ್ನು ತೆಗೆದುಕೊಂಡು ಬರುವ ತರುಣ ತರುಣಿಯರು ಇವರು. ಹಣ ಎಂದು ಬರುತ್ತದೆ ಎಂದು ಇವರು ಕೇಳುವುದಿಲ್ಲ. ನನ್ನ ಸ್ವಭಾವ ಎಂಥದು, ನಾನು ಯಾವ ಕೆಲಸಕ್ಕೆ ತಕ್ಕವನು, ನನಗೇಕೆ ಇಷ್ಟು ಸಿಟ್ಟು, ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಿರಿಯರು ನಕ್ಕು ತಳ್ಳಿಹಾಕಬಾರದೆಂದು ನಮ್ಮ ಅಭಿಪ್ರಾಯ. ತನ್ನನ್ನು ತಾನು ತಿಳಿಯಬೇಕೆಂಬ ಆಸೆ ಒಳ್ಳೆಯದೇ. ಆದರೆ ಜಾತಕವು ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲುದು, ಎಲ್ಲಿಂದ ಮುಂದೆ ಕೊಡಲಾರದು ಎಂಬುದನ್ನು ನಮ್ಮ ಸಿದ್ಧಾಂತವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಅವಶ್ಯವಾಗಿದೆ.

ಮೊದಲು ಶಾಸ್ತ್ರವೇ ತನ್ನ ವಿಷಯವಾಗಿ ಏನು ಹೇಳಿಕೊಳ್ಳುತ್ತದೆ ಎಂಬುದನ್ನು ನೋಡೋಣ. ಜ್ಯೋತಿಷವು ಆರು ವೇದಾಂಗಗಳಲ್ಲಿ ಒಂದು. ವೇದಪುರುಷನ ಕಣ್ಣು ಎಂದು ಪ್ರಸಿದ್ಧವಾದುದು. ಅದರ ಹೋರಾಭಾಗಕ್ಕೆ ವರಾಹಮಿಹಿರಾಚಾರ್ಯರ ಬೃಹಜ್ಜಾತಕವು ಇಂದಿಗೂ ಮುಖ್ಯಗ್ರಂಥ. ಅವರು ಕ್ರಿ.ಶ. 6ನೆಯ ಶತಮಾನದವರು. ‘ಅಹೋರಾತ್ರ’ ಶಬ್ದದ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ‘ಹೋರಾ’ ಆಯಿತೆಂಬ ಪಕ್ಷವನ್ನು ಅವರು ಉಲ್ಲೇಖಿಸುತ್ತಾರೆ. ಅದು ಯವನಭಾಷೆಯ ಶಬ್ದವೆಂದು ಆಧುನಿಕ ಪಂಡಿತರು ಹೇಳುತ್ತಾರೆ. ಶಬ್ದ ಎಲ್ಲಿಂದ ಬಂದರೂ ನಮಗೆ ಇಲ್ಲಿ ಬೇಕಾದುದು ಅರ್ಥ. ಹಿಂದಿನ ಜನ್ಮಗಳಲ್ಲಿ ಕೂಡಿಟ್ಟ ಶುಭಾಶುಭ ಕರ್ಮಗಳ ಪಾಕವನ್ನು ಈ ಶಾಸ್ತ್ರವು ತೋರಿಸುತ್ತದೆ, ಕತ್ತಲಿನಲ್ಲಿರುವ ವಸ್ತುಗಳನ್ನು ದೀಪವು ತೋರಿಸುವಂತೆ ಎಂಬ ಅಭಿಪ್ರಾಯ ಅವರ ಲಘುಜಾತಕದಲ್ಲಿದೆ. ದೀಪವು ವಸ್ತುವನ್ನು ಹುಟ್ಟಿಸುವುದಿಲ್ಲ. ಶನಿ ಕಷ್ಟ ಕೊಟ್ಟ, ಗುರು ಸುಖ ಕೊಟ್ಟ ಎಂದು ನಾವು ಆಡುವ ಮಾತು ಲೌಕಿಕ ರೂಢಿಯ ಮಾತು. ಗ್ರಹದೇವತೆಗಳು ಭಗವಂತನ ಆಜ್ಞಾಧಾರಕರು, ಸ್ವತಂತ್ರನು ಶ್ರೀಹರಿಯೊಬ್ಬನೇ.

ಶಾಸ್ತ್ರವು ತೋರಿಸುವುದು ಕರ್ಮದ ಪಾಕವನ್ನು ಎಂದಾಯಿತು. ಅದರಲ್ಲಿಯೂ ಸಂಚಿತ, ಆಗಾಮಿ, ಪ್ರಾರಬ್ಧ ಎಂಬ ಮೂರರೊಳಗೆ, ಈ ದೇಹದಲ್ಲಿ ಅನುಭವಿಸಿ ತೀರಿಸಬೇಕಾಗಿರುವ ಪ್ರಾರಬ್ಧವನ್ನು. ಆದರೆ ಜೀವನೆಂದರೆ ಅವನ ಕರ್ಮವಷ್ಟೇ ಅಲ್ಲ. ನಮ್ಮ ಸಿದ್ಧಾಂತದಲ್ಲಿ ಜೀವನಿಗೆ ಸ್ವರೂಪದೇಹ, ಲಿಂಗದೇಹ, ಅನಿರುದ್ಧದೇಹ, ಸ್ಥೂಲದೇಹ ಎಂದು ನಾಲ್ಕು ಹೇಳಿದೆ. ಜಾತಕವನ್ನು ಬರೆಯುವುದು ಸ್ಥೂಲದೇಹವು ಭೂಮಿಗೆ ಬಂದ ಕ್ಷಣವನ್ನು ಹಿಡಿದು. ಸ್ವರೂಪಕ್ಕಾದರೋ ಹುಟ್ಟಿದ ಕ್ಷಣವೆಂಬುದೇ ಇಲ್ಲ, ಅದು ಅನಾದಿ. ಹುಟ್ಟದಿರುವುದಕ್ಕೆ ಲಗ್ನವನ್ನು ಕಟ್ಟುವುದು ಹೇಗೆ? ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ ಶ್ರೀಮದಾಚಾರ್ಯರು ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಎಂಬ ಮೂರನ್ನೂ ಫಲಕ್ಕೆ ಕಾರಣಗಳೆಂದು ನಿರೂಪಿಸಿದ್ದಾರೆ. ಮೂರನ್ನೂ ನಡೆಸುವವನು ಶ್ರೀಹರಿ. ಜಾತಕದ ದೀಪವು ಈ ಮೂರರಲ್ಲಿ ನಡುವಿನದರ ಮೇಲೆ, ಅದೂ ಅದರ ಒಂದು ಭಾಗದ ಮೇಲೆ ಬೀಳುತ್ತದೆ.

ಇದು ಕೇವಲ ತರ್ಕವಲ್ಲ. ಶ್ರೀಮದ್ರಾಮಾಯಣದ ಬಾಲಕಾಂಡದ 18ನೆಯ ಸರ್ಗವನ್ನು ತೆಗೆದು ನೋಡಿದರೆ ಉದಾಹರಣೆಯೇ ಸಿಕ್ಕುತ್ತದೆ. ವಾಲ್ಮೀಕಿಗಳು ಅಲ್ಲಿ ನಾಲ್ವರು ಸಹೋದರರ ಜನ್ಮಕಾಲವನ್ನೂ ಹೇಳಿದ್ದಾರೆ. ಚೈತ್ರಮಾಸದ ನವಮಿ, ಪುನರ್ವಸು ನಕ್ಷತ್ರ, ಕರ್ಕಾಟಕ ಲಗ್ನ, ಐದು ಗ್ರಹಗಳು ಉಚ್ಚದಲ್ಲಿ. ಇದು ಶ್ರೀರಾಮಚಂದ್ರನ ಪ್ರಾದುರ್ಭಾವಕಾಲ. ಭಗವಂತನಿಗೆ ಕರ್ಮವೇ ಇಲ್ಲವಾದ್ದರಿಂದ ಆ ಗ್ರಹಗಳು ಅವನಿಗೆ ಫಲ ಹೇಳುವುದಕ್ಕೆ ನಿಂತುವಲ್ಲ. ಒಡೆಯನು ಬರುವಾಗ ಸೇವಕರು ತಮ್ಮ ತಮ್ಮ ಉತ್ತಮ ಸ್ಥಾನಗಳಲ್ಲಿ ನಿಂತಂತೆ ನಿಂತುವು. ಇಷ್ಟು ಉಚ್ಚಗ್ರಹಗಳಿದ್ದೂ ರಾಮನು ಕಾಡಿಗೇಕೆ ಹೋದ ಎಂದು ಕೇಳುವವರಿಗೆ ಇದೇ ಸಮಾಧಾನ. ಭರತನದು ಪುಷ್ಯ ನಕ್ಷತ್ರ, ಮೀನ ಲಗ್ನ.

ನಾವು ವಾಚಕರ ಗಮನವನ್ನು ಸೆಳೆಯಬಯಸುವುದು ಸುಮಿತ್ರೆಯ ಮಕ್ಕಳ ಕಡೆಗೆ. ಲಕ್ಷ್ಮಣ ಶತ್ರುಘ್ನರಿಬ್ಬರಿಗೂ ಆಶ್ಲೇಷಾ ನಕ್ಷತ್ರ, ಇಬ್ಬರಿಗೂ ಕರ್ಕಾಟಕ ಲಗ್ನ. ತಾಯಿ ಒಬ್ಬಳೇ, ಅರಮನೆ ಒಂದೇ, ಗುರುಗಳು ಒಬ್ಬರೇ. ಆದರೂ ಒಬ್ಬನು ಬಾಲ್ಯದಿಂದಲೇ ರಾಮನ ನೆರಳಾದನು, ಇನ್ನೊಬ್ಬನು ಭರತನ ಜೊತೆ ಬಿಡದವನಾದನು. ಒಬ್ಬನಿಗೆ 14 ವರ್ಷ ವನವಾಸ, ಇನ್ನೊಬ್ಬನಿಗೆ ಅದಿಲ್ಲ. ನಮ್ಮ ಸಂಪ್ರದಾಯದಲ್ಲಿ ಲಕ್ಷ್ಮಣನು ಶೇಷದೇವರು, ಶತ್ರುಘ್ನನು ಅನಿರುದ್ಧ. ತಾರತಮ್ಯದಲ್ಲಿ ಇಬ್ಬರ ಕಕ್ಷೆಗಳೇ ಬೇರೆ. ಜಾತಕ ಒಂದೇ ಆಗಿ ಕಕ್ಷೆ ಬೇರೆಯಾದ ಮೇಲೆ, ಕಕ್ಷೆಯನ್ನು ಜಾತಕವು ಹೇಳುತ್ತದೆ ಎನ್ನುವುದಕ್ಕೆ ಆಸ್ಪದವೆಲ್ಲಿ?

ಜ್ಯೋತಿಷವನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಅವಳಿಮಕ್ಕಳು ಒಂದೇ ನಿಮಿಷದಲ್ಲಿ ಹುಟ್ಟುವುದಿಲ್ಲ. ಲಗ್ನವು ರಾಶಿಯೊಂದಕ್ಕೆ ಸುಮಾರು 2 ಗಂಟೆ ಇದ್ದರೂ ನವಾಂಶವು ಸುಮಾರು 13 ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಭೇದವನ್ನು ಅಲ್ಲಿ ಹುಡುಕಬೇಕು ಎಂದು. ಆಕ್ಷೇಪ ಸರಿಯಾದುದೇ. ಪ್ರಾರಬ್ಧದ ಭೇದವನ್ನು ಅಲ್ಲಿ ಹುಡುಕಲಿ. ಆದರೆ ಕಾಲವನ್ನು ಎಷ್ಟು ಸೂಕ್ಷ್ಮವಾಗಿ ಸೀಳಿದರೂ ಅದು ಕಾಲದ ಒಂದು ತುಣುಕೇ ಆಯಿತು. ಅನಾದಿಯಾದ ಜೀವ-ಜೀವಭೇದವು ಆ ತುಣುಕಿನೊಳಗೆ ಹುಟ್ಟಿದ್ದಲ್ಲ.

ಹಾಗಾದರೆ ಜಾತಕದಿಂದ ಆತ್ಮಪರೀಕ್ಷೆಗೆ ಪ್ರಯೋಜನವೇ ಇಲ್ಲವೆ? ಇದೆ. ನಾವು ಹೊತ್ತು ತಂದ ಮನಸ್ಸು, ಮಾತು, ದೇಹಗಳ ಸಂಸ್ಕಾರವನ್ನು ತಿಳಿಯುವುದು ಸಣ್ಣ ಪ್ರಯೋಜನವಲ್ಲ. ಆದರೆ ಕಾಗದವನ್ನು ನಂಬುವ ಮೊದಲು ಅದರ ಗಣಿತವನ್ನು ನೋಡಿಕೊಳ್ಳಬೇಕು. ನಮ್ಮ ಗಡಿಯಾರಗಳು ನಡೆಯುವುದು 82½ ಅಂಶ ಪೂರ್ವರೇಖಾಂಶದ ಕಾಲಕ್ಕೆ. ಉಡುಪಿಯ ಸ್ಥಳೀಯ ಕಾಲ ಇದಕ್ಕಿಂತ ಸುಮಾರು 31 ನಿಮಿಷ ಹಿಂದೆ, ಬೆಂಗಳೂರಿನದು ಸುಮಾರು 20 ನಿಮಿಷ ಹಿಂದೆ. ಹಿಂದಿನವರು ಸೂರ್ಯೋದಯದಿಂದ ಘಟಿ ಎಣಿಸುತ್ತಿದ್ದರು. ಒಂದು ಘಟಿಗೆ 24 ನಿಮಿಷ. ಘಟಿಯಿಂದ ಗಂಟೆಗೆ ಬದಲಾಯಿಸಿ ಬರೆದ ಹಳೆಯ ಜಾತಕಗಳಲ್ಲಿ ಈ ಅಂತರವನ್ನು ಮರೆತಿದ್ದರೆ ಲಗ್ನವೇ ಬದಲಾದೀತು. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಯುದ್ಧದ ನಿಮಿತ್ತ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆ ವರ್ಷಗಳಲ್ಲಿ ಹುಟ್ಟಿದ, ಈಗ 80 ದಾಟಿರುವ ಅಜ್ಜ ಅಜ್ಜಿಯರ ಜನ್ಮವೇಳೆಯನ್ನು ಗಡಿಯಾರ ನೋಡಿ ಬರೆದಿದ್ದರೆ ಅದರಲ್ಲಿ ಒಂದು ಗಂಟೆ ಕಳೆಯಬೇಕು. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ಇರುವ ವ್ಯತ್ಯಾಸದಿಂದ ನಕ್ಷತ್ರಸಂಧಿಯಲ್ಲಿ ಹುಟ್ಟಿದವರಿಗೆ ನಕ್ಷತ್ರವೇ ಬೇರೆಯಾಗುವುದುಂಟು. ಆಗ ತಮ್ಮ ಮಠದ ಪಂಚಾಂಗದಂತೆ ನಡೆಯುವುದು ಕ್ರಮ. ಸಂಕಲ್ಪಕ್ಕೆ ಒಂದು, ಸ್ವಭಾವಕ್ಕೆ ಒಂದು ಎಂದು ಎರಡು ನಕ್ಷತ್ರಗಳನ್ನು ಇಟ್ಟುಕೊಳ್ಳುವುದು ಅನುಚಿತ.

ಗಣಿತ ಶುದ್ಧವಾದ ಮೇಲೆ ನೋಡಬೇಕಾದುದು ಕಾರಕತ್ವವನ್ನು. ವರಾಹಮಿಹಿರರು ಕಾಲಪುರುಷನಿಗೆ ರವಿಯನ್ನು ಆತ್ಮವೆಂದೂ, ಚಂದ್ರನನ್ನು ಮನಸ್ಸೆಂದೂ, ಕುಜನನ್ನು ಸತ್ತ್ವವೆಂದೂ, ಬುಧನನ್ನು ಮಾತೆಂದೂ, ಗುರುವನ್ನು ಜ್ಞಾನ-ಸುಖಗಳೆಂದೂ, ಶುಕ್ರನನ್ನು ಕಾಮವೆಂದೂ, ಶನಿಯನ್ನು ದುಃಖವೆಂದೂ ಹೇಳಿದ್ದಾರೆ. ಇಲ್ಲಿಯ ‘ಆತ್ಮ’ ಶಬ್ದವನ್ನು ಕಂಡು ಇದೇ ಜೀವಸ್ವರೂಪವೆಂದು ಯಾರೂ ಭ್ರಮಿಸಬಾರದು. ಚಂದ್ರನು ಶನಿಯೊಡನೆ ಇದ್ದರೆ ಮನಸ್ಸು ಬೇಗ ಕುಗ್ಗುತ್ತದೆ, ಎಲ್ಲದರಲ್ಲಿಯೂ ಮೊದಲು ಕೇಡನ್ನೇ ಕಾಣುತ್ತದೆ ಎಂದು ದೈವಜ್ಞರು ಹೇಳುತ್ತಾರೆ. ಇಂಥ ಜಾತಕದವನು ತನ್ನ ನಡತೆಯಲ್ಲಿ ಇದು ನಿಜವೋ ಎಂದು ಪರೀಕ್ಷಿಸಿಕೊಳ್ಳಲಿ. ನಿಜವಾದರೆ, ಕೆಟ್ಟ ಸುದ್ದಿ ಬಂದ ರಾತ್ರಿಯೇ ಯಾವ ನಿರ್ಧಾರವನ್ನೂ ಮಾಡದೆ, ಮರುದಿನ ಸಂಧ್ಯಾವಂದನೆ ಮುಗಿಸಿ ಯೋಚಿಸುವ ನಿಯಮವನ್ನು ಇಟ್ಟುಕೊಳ್ಳಬಹುದು. ಬುಧ ಕುಜರು ಕೂಡಿದವನು ಮಾತಿನಲ್ಲಿ ಚೂಪಾಗಿರುತ್ತಾನೆನ್ನುವರು. ಅವನು ಗೀತೆಯ 17ನೆಯ ಅಧ್ಯಾಯದಲ್ಲಿ ಹೇಳಿರುವ ವಾಙ್ಮಯ ತಪಸ್ಸನ್ನು ತನಗಾಗಿಯೇ ಹೇಳಿದ್ದೆಂದು ತಿಳಿಯಲಿ. ಶತ್ರು ರೋಗ ಋಣಗಳನ್ನು ಹೇಳುವ ಆರನೆಯ ಭಾವವನ್ನು ನೋಡುವಾಗ ದಾಯಾದಿಗಳನ್ನು ನೆನೆಯುವುದಕ್ಕೆ ಬದಲಾಗಿ ಅರಿಷಡ್ವರ್ಗವನ್ನು ನೆನೆಯುವುದು ಲೇಸು. ಇದು ಹೋರಾಗ್ರಂಥಗಳ ಮಾತಲ್ಲ, ನಮ್ಮ ಸೂಚನೆ.

ದಶೆಗಳ ವಿಷಯ ಇನ್ನೂ ಉಪಯುಕ್ತವಾದುದು. ವಿಂಶೋತ್ತರಿಯ ಒಟ್ಟು 120 ವರ್ಷಗಳಲ್ಲಿ ರವಿಗೆ 6, ಚಂದ್ರನಿಗೆ 10, ಕುಜನಿಗೆ 7, ರಾಹುವಿಗೆ 18, ಗುರುವಿಗೆ 16, ಶನಿಗೆ 19, ಬುಧನಿಗೆ 17, ಕೇತುವಿಗೆ 7, ಶುಕ್ರನಿಗೆ 20. ಮಧ್ಯವಯಸ್ಸು ದಾಟಿದವರು ಒಂದು ನೋಟುಪುಸ್ತಕ ತೆಗೆದುಕೊಂಡು, ಇಸವಿಯನ್ನೂ, ಆ ವರ್ಷ ನಡೆದುದನ್ನೂ, ಆಗ ತಾವು ನಡೆದುಕೊಂಡ ರೀತಿಯನ್ನೂ ಬರೆಯಲಿ. ದಶೆಯನ್ನು ಕೊನೆಗೆ ಪಕ್ಕದಲ್ಲಿ ಬರೆಯಬೇಕು. ಮೊದಲೇ ಬರೆದುಕೊಂಡರೆ ಶನಿದಶೆಯ ವರ್ಷಗಳಲ್ಲಿ ದುಃಖವೊಂದೇ ನೆನಪಿಗೆ ಬರುತ್ತದೆ. 19 ವರ್ಷವೂ ಅಳುತ್ತಲೇ ಇದ್ದವರನ್ನು ನಾವು ಕಂಡಿಲ್ಲ. ಅದೇ ದಶೆಯಲ್ಲಿ ಮಕ್ಕಳ ಉಪನಯನ, ಮನೆಯ ಗೃಹಪ್ರವೇಶ ಆದುದುಂಟು. ಸಾಡೇಸಾತಿಯೂ ಹೀಗೆಯೇ. 12 ರಾಶಿಗಳಲ್ಲಿ ಯಾವಾಗಲೂ 3 ರಾಶಿಯವರಿಗೆ ಅದು ನಡೆಯುತ್ತಲೇ ಇರುತ್ತದೆ. ಅಂದರೆ ದೇವಸ್ಥಾನದಲ್ಲಿ ತೀರ್ಥಕ್ಕೆ ನಿಂತಿರುವವರಲ್ಲಿ ನಾಲ್ವರಲ್ಲಿ ಒಬ್ಬರಿಗೆಂದು ಇಟ್ಟುಕೊಳ್ಳಬಹುದು. ಶನಿಯ ಸುತ್ತು ಸುಮಾರು 29½ ವರ್ಷಗಳದಾದ್ದರಿಂದ ವೃದ್ಧರೆಲ್ಲರೂ ಅದನ್ನು ಎರಡು ಮೂರು ಬಾರಿ ದಾಟಿ ಬಂದವರೇ.

ಇನ್ನು ಜಾತಕವನ್ನು ನೆಪವಾಗಿ ಹಿಡಿಯುವವರ ಮಾತು. ಲಗ್ನದಲ್ಲಿ ಕುಜನಿದ್ದಾನೆ, ಸಿಟ್ಟು ಬಂದೇ ಬರುತ್ತದೆ, ನಾವೇನು ಮಾಡುವುದು, ಎಂದು ಮನೆಯಾಕೆಯ ಮೇಲೆ ಕೂಗಾಡಿದ ಮೇಲೆ ಸಮಾಧಾನ ಹೇಳಿಕೊಳ್ಳುವ ಗೃಹಸ್ಥರುಂಟು. ಸಿಟ್ಟು ಬರುವಂಥ ಪ್ರಸಂಗ ಒದಗಿದ್ದು ಪ್ರಾರಬ್ಧವಿರಬಹುದು. ಬಾಯಿಂದ ಹೊರಟ ಬೈಗುಳವಾದರೋ ಹೊಸದಾಗಿ ಕಟ್ಟಿಕೊಂಡ ಕರ್ಮ. ಜೀವನ ಕರ್ತೃತ್ವವು ಭಗವದಧೀನವಾದರೂ ಸುಳ್ಳಲ್ಲ. ಸುಳ್ಳಾಗಿದ್ದರೆ ಶಾಸ್ತ್ರದ ವಿಧಿನಿಷೇಧಗಳೆಲ್ಲ ಯಾರನ್ನು ಕುರಿತು ಹೇಳಿದಂತಾಗುತ್ತಿತ್ತು? ಗ್ರಹಶಾಂತಿ ಮಾಡಿಸುವವರು ಸಂಕಲ್ಪದ ಮಾತನ್ನು ಕಿವಿಗೊಟ್ಟು ಕೇಳಬೇಕು. ಆ ಗ್ರಹದೊಳಗಿನ ಮುಖ್ಯಪ್ರಾಣಾಂತರ್ಗತನಾದ ಶ್ರೀವಿಷ್ಣುವಿನ ಪ್ರೇರಣೆಯಿಂದ, ಅವನ ಪ್ರೀತಿಗಾಗಿ ಎಂದಲ್ಲವೆ ನೀರು ಬಿಡುವುದು?

ಕೊನೆಗೆ ಹೇಳಲೇಬೇಕಾದುದು ಹೆಣ್ಣುಮಕ್ಕಳ ವಿಷಯ. ಮೂಲಾ ನಕ್ಷತ್ರದ ಸೊಸೆ ಮಾವನಿಗಾಗದು, ಆಶ್ಲೇಷಾ ನಕ್ಷತ್ರದವಳು ಅತ್ತೆಗಾಗದು ಎಂಬ ಮಾತಿನಿಂದ ವಿದ್ಯೆ, ರೂಪ, ಆಚಾರ ಎಲ್ಲವೂ ಇದ್ದ ಕನ್ಯೆಯರು ವರ್ಷಗಟ್ಟಲೆ ತಂದೆಯ ಮನೆಯಲ್ಲಿ ಉಳಿದುದನ್ನು ಸಮಾಜವೇ ಕಂಡಿದೆ. ಕೆಲವರು ನಕ್ಷತ್ರವನ್ನೇ ತಿದ್ದಿ ಬರೆಸುತ್ತಾರೆ. ಮದುವೆಯೆಂಬ ಧರ್ಮಕಾರ್ಯವು ಸುಳ್ಳಿನಿಂದ ಪ್ರಾರಂಭವಾಗುತ್ತದೆ. ಇದಕ್ಕಿಂತಲೂ ಕಷ್ಟವಾದುದು, ಆ ಹುಡುಗಿಯು ತಾನು ಕೇಡಿನವಳೆಂದೇ ನಂಬಿ ಬೆಳೆಯುವುದು. ಆತ್ಮಪರಿಚಯಕ್ಕೆಂದು ಇರಬೇಕಾದ ಜಾತಕವು ಅವಳ ಪಾಲಿಗೆ ಸುಳ್ಳು ಪರಿಚಯವಾಯಿತು.

ಶಾಸ್ತ್ರಗ್ರಂಥಗಳು ಇಷ್ಟು ಒರಟಾಗಿ ಹೇಳುವುದಿಲ್ಲ. ದೋಷವನ್ನು ನಕ್ಷತ್ರದ ಪಾದಗಳನ್ನು ವಿಂಗಡಿಸಿ ಹೇಳುತ್ತವೆ. ಮೂಲೆಯ ನಾಲ್ಕನೆಯ ಪಾದವನ್ನೂ ಆಶ್ಲೇಷೆಯ ಮೊದಲನೆಯ ಪಾದವನ್ನೂ ಶುಭವೆಂದೇ ಎಣಿಸಿವೆ. ಚಂದ್ರನಿಗೆ ಒಂದು ಪಾದ ದಾಟಲು ಸುಮಾರು 6 ಗಂಟೆ ಸಾಕು. ಉಳಿದ ಪಾದಗಳಿಗೆ ಶಾಂತಿಯನ್ನು ವಿಧಿಸಿದ್ದಾರೆ. ಶಾಂತಿ ಮಾಡಿಸಿದ ಮೇಲೆಯೂ ದೋಷವನ್ನು ಎತ್ತಿ ಆಡುವುದು ಆ ಶಾಂತಿಯಲ್ಲಿಯೇ ಅವಿಶ್ವಾಸವಿಟ್ಟಂತೆ. ಸ್ವತಃ ಶೇಷದೇವರೇ ಆಶ್ಲೇಷೆಯಲ್ಲಿ ಅವತರಿಸಿ ಅತ್ತಿಗೆಯ ಪಾದಗಳನ್ನು ಬಿಟ್ಟು ಮೇಲೆ ನೋಡದೆ ಸೇವೆ ಮಾಡಿದರೆಂಬುದನ್ನು ರಾಮಾಯಣದ ಪ್ರವಚನದಲ್ಲಿ ಕೇಳಿ ಕಣ್ಣೊರೆಸಿಕೊಂಡು, ಮನೆಗೆ ಬಂದು ಆಶ್ಲೇಷೆಯ ಜಾತಕವನ್ನು ಹಿಂದಿರುಗಿಸುವುದು ಸರಿಯೆ?

ಶರನ್ನವರಾತ್ರಿಯಲ್ಲಿ ನಾವು ಪುಸ್ತಕಗಳನ್ನಿಟ್ಟು ಸರಸ್ವತಿಯನ್ನು ಆವಾಹನೆ ಮಾಡುವುದು ಇದೇ ಮೂಲಾ ನಕ್ಷತ್ರದ ದಿನ, ವಿಸರ್ಜನೆ ಶ್ರವಣದಲ್ಲಿ. ಈ ಸಲದ ಆವಾಹನೆಗೆ ಮನೆಯಲ್ಲಿ ಮೂಲಾ ನಕ್ಷತ್ರದ ಮಗಳಿದ್ದರೆ, ಮಣೆಯ ಮೇಲೆ ಪುಸ್ತಕಗಳನ್ನು ಅವಳ ಕೈಯಿಂದಲೇ ಇಡಿಸಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥