ಕಾರೇ ಮರೆ, ಕಿಟಕಿಯೇ ಆಸರೆ

ನಿವೃತ್ತರಾದಿರಿ, ಮಕ್ಕಳು ಅವರವರ ಊರು ಸೇರಿದರು. ನ್ಯೂಜೆರ್ಸಿಯ ಎಡಿಸನ್ನಿನಲ್ಲೋ ಪಾರ್ಸಿಪನಿಯಲ್ಲೋ ದಿನವಿಡೀ ವಾಟ್ಸಾಪ್ ನೋಡುತ್ತ ಕೂರುವ ಬದಲು ಒಂದು ಕ್ಯಾಮೆರಾ ಹಿಡಿಯಿರಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಅಲೆಯತೊಡಗಿದ್ದು ಫಿಲ್ಮ್ ರೋಲಿನ ಕಾಲದಲ್ಲಿ, ಒಂದೊಂದು ಕ್ಲಿಕ್ಕಿಗೂ ಕಾಸು. ನಿಮಗೆ ಆ ಚಿಂತೆಯಿಲ್ಲ.

ಮಂಡಿನೋವಿದ್ದರೆ ಅಟ್ಲಾಂಟಿಕ್ ಸಿಟಿ ಹತ್ತಿರದ ಎಡ್ವಿನ್ ಬಿ. ಫೋರ್ಸೈತ್ ವನ್ಯಧಾಮಕ್ಕೆ ಹೋಗಿ. ಜೌಗಿನ ನಡುವೆ 8 ಮೈಲಿಯ ರಸ್ತೆ, ಕಾರಿನಿಂದ ಇಳಿಯಲೇಬೇಕೆಂದಿಲ್ಲ. ನಡೆದು ಬರುವ ಮನುಷ್ಯನಿಗೆ ಹೆದರುವಷ್ಟು ನಿಂತ ಕಾರಿಗೆ ಹಕ್ಕಿ ಹೆದರುವುದಿಲ್ಲ. ಎಂಜಿನ್ ಆರಿಸಿ, ಗಾಜು ಇಳಿಸಿ, ಅಕ್ಕಿ ತುಂಬಿದ ಸಣ್ಣ ಚೀಲವನ್ನು ಕಿಟಕಿಯ ಅಂಚಿಗಿಟ್ಟು ಅದರ ಮೇಲೆ ಲೆನ್ಸ್ ಊರಿ. ಕೈನಡುಕ ಅರ್ಧ ಮರೆಯಾಗುತ್ತದೆ. ನಮ್ಮ ಕಬಿನಿ ಹಿನ್ನೀರಿನಲ್ಲೂ ಚಳಿಗಾಲದಲ್ಲಿ ಕಾಣುವ ಆಸ್ಪ್ರೆ ಇಲ್ಲಿಗೆ ಮಾರ್ಚಿನಲ್ಲಿ ಬರುತ್ತದೆ. ಕಾಲು ಮುಂದೆ ಚಾಚಿ ನೀರಿಗೆ ಧುಮುಕಿ, ಹಿಡಿದ ಮೀನಿನ ತಲೆ ಮುಂದಾಗುವಂತೆ ತಿರುಗಿಸಿಕೊಂಡು ಹಾರುತ್ತದೆ. ಅದಕ್ಕೆ ಶಟರ್ 1/2000 ಸೆಕೆಂಡ್ ಇರಲಿ.

62 ತುಂಬಿದ ನಾಗರಿಕರಿಗೂ ಗ್ರೀನ್ ಕಾರ್ಡಿನವರಿಗೂ ಇಂಥ ವನ್ಯಧಾಮಗಳ ಪ್ರವೇಶಕ್ಕೆ 80 ಡಾಲರಿಗೆ ಆಜೀವ ಪಾಸ್ ಸಿಗುತ್ತದೆ, ಬಿಡಬೇಡಿ. ನ್ಯೂಯಾರ್ಕಿನವರಿಗೆ ಕ್ವೀನ್ಸಿನ ಜಮೈಕಾ ಬೇ ಇದೆ. ಮೇ ತಿಂಗಳ ಮೊದಲಿಗೆ ಸೆಂಟ್ರಲ್ ಪಾರ್ಕಿನ ತುಂಬ ವಾರ್ಬ್ಲರ್‌ಗಳು.

ದೊಡ್ಡ ಲೆನ್ಸಿಗೆ ಆತುರ ಬೇಡ, ಹೊರುವ ಭುಜ ನಿಮ್ಮದೇ! ಗೂಡಿನ ಹತ್ತಿರ ಸುಳಿಯಬೇಡಿ. ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ. ಹುಲ್ಲಿನಲ್ಲಿ ಓಡಾಡಿ ಬಂದರೆ ಮೈಗೆ ಉಣ್ಣೆ ಹತ್ತಿದೆಯೇ ನೋಡಿಕೊಳ್ಳಿ, ಈ ಸೀಮೆಯಲ್ಲಿ ಅದರಿಂದ ಹರಡುವ ಲೈಮ್ ಕಾಯಿಲೆಯ ಕಾಟವಿದೆ.