ಗೀಸರ್‌ನೊಳಗೆ ಬೆಳೆದ ಕಲ್ಲು

ಮಕ್ಕಳೇ, ಚಳಿಗಾಲದ ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕಲ್ಲವೇ? ಕೆಲವರ ಮನೆಯಲ್ಲಿ ಬಚ್ಚಲೊಲೆಯ ಮೇಲೆ ಹಂಡೆ ಇರುತ್ತದೆ. ಕೆಲವರು ಬಕೆಟ್ಟಿನಲ್ಲಿ ಹೀಟರ್ ರಾಡ್ ಇಡುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಗೀಸರ್ ಇರುತ್ತದೆ. ಹಂಡೆಯ ಒಳಮೈಯನ್ನು, ಬಳಸಿ ಹಳತಾದ ರಾಡನ್ನು ಗಮನಿಸಿದ್ದೀರಾ? ಸುಣ್ಣ ಬಳಿದಂತೆ ಬಿಳಿಯ ಪದರವೊಂದು ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಗೀಸರ್ ನೀರು ಕಾಯುವಾಗ 'ಪಟಪಟ' ಎಂದು ಸದ್ದು ಮಾಡತೊಡಗಿತು. ನೀರು ಬಿಸಿಯಾಗಿಯೇ ಬರುತ್ತಿದ್ದುದರಿಂದ ನಾವು ತಲೆಕೆಡಿಸಿಕೊಳ್ಳಲಿಲ್ಲ. ಒಂದು ದಿನ ಸ್ವಿಚ್ ಹಾಕಿದ ಕೂಡಲೇ ಇಡೀ ಮನೆಯ ವಿದ್ಯುತ್ ಹೋಯಿತು. ವಿದ್ಯುತ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ ನಮ್ಮಲ್ಲಿತ್ತು. ಅದು ತನ್ನ ಕೆಲಸ ಮಾಡಿತ್ತು. ಗೀಸರ್ ಬಿಚ್ಚಿಸಿ ನೋಡಿದರೆ, ನೀರು ಕಾಯಿಸುವ ಕಡ್ಡಿಯ ಸುತ್ತ ಬೆರಳು ದಪ್ಪದ ಬಿಳಿ ಕಲ್ಲು! ಕಡ್ಡಿಯ ಹೊದಿಕೆ ಸೀಳಿತ್ತು. ಆ ಸ್ವಿಚ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ತಿಳಿನೀರಿನಲ್ಲಿ ಕಲ್ಲು ಎಲ್ಲಿಂದ ಬಂತು?

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಅದು ನೆಲದೊಳಗೆ ಇಂಗುವಾಗ ಕಲ್ಲುಮಣ್ಣಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಇವು ಹೆಚ್ಚಾಗಿರುವ ನೀರೇ ಗಡಸು ನೀರು. ಇದರಲ್ಲಿ ಸಾಬೂನು ಸುಲಭವಾಗಿ ನೊರೆ ಬಿಡುವುದಿಲ್ಲ. ನಮ್ಮ ಬಯಲುಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಇಂಥದ್ದೇ.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಣ್ಣಿಗೆ ಕಾಣದು. ನೀರು ಕಾದಾಗ ಅದು ಹೀಗೆ ವಿಭಜನೆಯಾಗುತ್ತದೆ:

ಕ್ಯಾಲ್ಸಿಯಂ ಬೈಕಾರ್ಬೊನೇಟ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು + ಇಂಗಾಲದ ಡೈಆಕ್ಸೈಡ್

ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಅದು ಬಿಸಿಯಾದ ಕಡ್ಡಿಗೆ ಅಂಟಿಕೊಳ್ಳುತ್ತದೆ. ಸುಣ್ಣದ ಕಲ್ಲು, ಅಮೃತಶಿಲೆ, ಮೊಟ್ಟೆಯ ಚಿಪ್ಪು ಇವೆಲ್ಲ ಬಹುಪಾಲು ಇದೇ ವಸ್ತು.

ಲೆಕ್ಕ ಹಾಕೋಣ

ಒಂದು ಲೀಟರ್ ನೀರಿನಿಂದ 300 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬರಬಹುದು ಎಂದುಕೊಳ್ಳಿ. ದಿನಕ್ಕೆ 100 ಲೀಟರ್ ಕಾಯಿಸಿದರೆ 30 ಗ್ರಾಂ ಆಯಿತು. ಅದೆಲ್ಲವೂ ಕಲ್ಲಾಗುವುದಿಲ್ಲ. ಹತ್ತರಲ್ಲಿ ಒಂದು ಪಾಲು ಮಾತ್ರ ಅಂಟಿತು ಎಂದರೂ ದಿನಕ್ಕೆ 3 ಗ್ರಾಂ, ವರ್ಷಕ್ಕೆ 1 ಕಿಲೋಗ್ರಾಂಗೂ ಹೆಚ್ಚು!

ಕಲ್ಲು ಅಂಟಿದರೆ ತೊಂದರೆ ಏನು?

ಕಡ್ಡಿಯ ನಡುವೆ ನಿಕ್ರೋಮ್ ತಂತಿಯ ಸುರುಳಿ ಇರುತ್ತದೆ. ವಿದ್ಯುತ್ ಹರಿದಾಗ ಕಾಯುವುದು ಇದೇ. ಅದರ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಹಾಯಿಸುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಹೊರಗಿನ ಹೊದಿಕೆ ಲೋಹದ್ದು, ಸಾಮಾನ್ಯವಾಗಿ ತಾಮ್ರ.

ತಾಮ್ರ ಈ ಬಿಳಿ ಕಲ್ಲಿಗಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಲ್ಲು ಕಂಬಳಿಯಂತೆ ಹೊದ್ದುಕೊಂಡಾಗ ಶಾಖ ಬೇಗ ಹೊರಬರಲಾರದೆ ಕಡ್ಡಿ ಅತಿಯಾಗಿ ಕಾಯುತ್ತದೆ. ಪದರದ ಸಂದುಗಳಲ್ಲಿ ಸಿಕ್ಕಿಕೊಂಡ ನೀರು ಕುದಿದು ಸದ್ದು ಮಾಡುತ್ತದೆ. ನಮ್ಮ ಗೀಸರ್‌ನ 'ಪಟಪಟ' ಅದೇ! ಕೊನೆಗೆ ಹೊದಿಕೆ ಸೀಳಿ, ಒಳಗಿನ ಪುಡಿ ಒದ್ದೆಯಾಗುತ್ತದೆ. ಆಗ ವಿದ್ಯುತ್ ನೀರಿಗೆ ಸೋರಬಹುದು. ಹಂಡೆಯಲ್ಲಾದರೆ ಬೆಂಕಿಯ ಶಾಖದ ಒಂದು ಪಾಲು ನೀರಿಗೆ ಸೇರದೆ ಹೊಗೆಯೊಡನೆ ಹೋಗುತ್ತದೆ. ಸೌದೆ ಹೆಚ್ಚು ಬೇಕಾಗುತ್ತದೆ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಮೊಟ್ಟೆಯ ಚಿಪ್ಪಿನ ಚೂರು ಅಥವಾ ನೀರು ಕಾಯಿಸುವ ಪಾತ್ರೆಯ ತಳದಿಂದ ಎದ್ದ ಬಿಳಿ ಹಕ್ಕಳೆ, ನಿಂಬೆರಸ, ಗಾಜಿನ ಲೋಟ.

ಚೂರನ್ನು ಲೋಟದಲ್ಲಿ ಹಾಕಿ, ಮುಳುಗುವಷ್ಟು ನಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳು ಏಳುವುದನ್ನು ನೋಡಿ. ನಿಂಬೆಯ ಸಿಟ್ರಿಕ್ ಆಮ್ಲ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುತ್ತಿದೆ. ಗುಳ್ಳೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಅಜ್ಜಿ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದುದು ಏಕೆಂದು ಈಗ ಹೊಳೆಯಿತೇ? ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ.

ಆರೈಕೆ ಹೇಗೆ?

1. ಗಡಸು ನೀರಿನ ಊರಿನಲ್ಲಿ ಗೀಸರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಬಿಚ್ಚಿಸಿ ತೊಳೆಸಬೇಕು. ಇದು ಮಕ್ಕಳ ಕೆಲಸವಲ್ಲ.
2. ಅನೇಕ ಗೀಸರ್‌ಗಳಲ್ಲಿ ಮೆಗ್ನೀಸಿಯಂ ಕಂಬಿಯೊಂದಿರುತ್ತದೆ. ಉಕ್ಕಿನ ತೊಟ್ಟಿ ತುಕ್ಕು ಹಿಡಿಯದಂತೆ ಅದು ತಾನೇ ಸವೆಯುತ್ತದೆ. ತೊಳೆಸುವಾಗ ಅದನ್ನೂ ನೋಡಿಸಿ, ಸವೆದಿದ್ದರೆ ಬದಲಾಯಿಸಬೇಕು.
3. ಥರ್ಮೋಸ್ಟ್ಯಾಟನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟರೆ ಸಾಕು. ಶಾಖ ಏರಿದಷ್ಟೂ ಕಲ್ಲು ಹೆಚ್ಚು ಕಟ್ಟುತ್ತದೆ.
4. ಹೀಟರ್ ರಾಡಿನ ಪ್ಲಗ್ ತೆಗೆದು, ಅದು ತಣಿದ ಮೇಲೆ ದೊಡ್ಡವರು ಅದರ ಲೋಹದ ಭಾಗವನ್ನು ಮಾತ್ರ ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಬಹುದು. ಚಾಕುವಿನಿಂದ ಕೆರೆಯಬಾರದು.

ಎಚ್ಚರ!

ರಾಡ್ ಇರುವ ಬಕೆಟ್ಟಿಗೆ ಕೈ ಹಾಕಿ ಬಿಸಿ ನೋಡುವ ಅಭ್ಯಾಸ ಅನೇಕರಿಗಿದೆ. ಇದು ಪ್ರಾಣಕ್ಕೆ ಅಪಾಯ. ಮೊದಲು ಸ್ವಿಚ್ ಆರಿಸಿ, ಪ್ಲಗ್ ತೆಗೆಯಬೇಕು. ಆಮೇಲಷ್ಟೇ ನೀರು ಮುಟ್ಟಬೇಕು. ಲೋಹದ ಬಕೆಟ್ಟಿನಲ್ಲಿ ರಾಡ್ ಇಡಬಾರದು. ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಬೇಕು, ಮನೆಗೆ ಸರಿಯಾದ ಅರ್ಥಿಂಗ್ ಇರಬೇಕು. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಸುಡುತ್ತದೆ. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ಇಂದು ಸಂಜೆ ಮನೆಯಲ್ಲಿ ಕೇಳಿ: ನಮ್ಮ ಹೀಟರನ್ನು ಕೊನೆಯ ಬಾರಿ ಶುಚಿ ಮಾಡಿದ್ದು ಯಾವಾಗ? ಸುರಕ್ಷಾ ಸ್ವಿಚ್ ಇದೆಯೇ? ಉತ್ತರವನ್ನು ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರೆದು ಶಿಕ್ಷಕರಿಗೆ ತೋರಿಸಿ.

ಯೋಚಿಸಿ: ಮಳೆನೀರನ್ನು ನೇರವಾಗಿ ಸಂಗ್ರಹಿಸಿ ಕಾಯಿಸಿದರೆ ಹೀಟರ್‌ಗೆ ಬಿಳಿ ಕಲ್ಲು ಕಟ್ಟುವುದೇ? ಏಕೆ?